ನೆಲದೊಡಲ ನೀರು ಮತ್ತು ದಾಸೋಹ

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಶರಣರು. ಹನ್ನೆರಡನೆಯ ಶತಮಾನದ ಆ ಕಾಯಕವನ್ನು ಸೊಲ್ಲಾಪುರದ ಕೆರೆ ಇಂದಿಗೂ ನೆನಪಿಸುತ್ತದೆ. ಕೆರೆಯ ನೀರು ಕಟ್ಟಿಸಿದವನೊಬ್ಬನ ಸೊತ್ತಲ್ಲ. ದಾರಿಹೋಕನಿಗೂ ದನಕರುಗಳಿಗೂ ಹಕ್ಕಿಗಳಿಗೂ ಅದರಲ್ಲಿ ಪಾಲುಂಟು. ದಾಸೋಹದ ತಿರುಳೂ ಇದೇ.

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದುದರಿಂದ ಹಿರಿಯರು ಮಳೆಯನ್ನೇ ನಂಬಿ ಸರಪಣಿಯಂತೆ ಸಾವಿರಾರು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದು ತುಂಬುತ್ತಿತ್ತು. ನೀರಗಂಟಿಯು ತೂಬೆತ್ತಿ ಸರದಿಯಂತೆ ನೀರು ಹಂಚುತ್ತಿದ್ದನು. ಇಂಗಿದ ನೀರು ಸುತ್ತಲಿನ ತೆರೆದ ಬಾವಿಗಳಲ್ಲಿ ಒಸರುತ್ತಿತ್ತು.

ಕೊಳವೆಬಾವಿ ಬಂದ ಮೇಲೆ ಈ ಕ್ರಮ ತಲೆಕೆಳಗಾಯಿತು. ಈ ಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಹಾಗೂ ಬಂಡೆಯ ಬಿರುಕುಗಳಲ್ಲಿ. ಆಳಕ್ಕಿಳಿದಂತೆ ಬಿರುಕುಗಳೂ ವಿರಳ. ಟೊಮೇಟೊ, ಹಿಪ್ಪುನೇರಳೆ ತೋಟಗಳಿಗೆ ಮಳೆ ಇಂಗಿಸಿದ್ದಕ್ಕಿಂತ ಹೆಚ್ಚು ನೀರನ್ನೆತ್ತಿದಾಗ ತೆರೆದ ಬಾವಿಗಳು ಮೊದಲು ಬತ್ತಿದವು. ಈಗ ಸಾವಿರ ಅಡಿ ದಾಟಿ ಕೊರೆದರೂ ಬರಿಯ ಧೂಳೇಳುವುದುಂಟು. ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರುತ್ತದೆ. ಅದನ್ನು ಕುಡಿದು ಬೆಳೆವ ಮಕ್ಕಳ ಹಲ್ಲು ಕಂದುಗಟ್ಟುತ್ತದೆ.

ಇದಕ್ಕೆ ರೈತನೊಬ್ಬನನ್ನೇ ದೂರುವುದು ಸಲ್ಲದು. ಕೆರೆಗೆ ಹೂಳು ತುಂಬಿ, ಕಾಲುವೆ ಒತ್ತುವರಿಯಾದಾಗ ಇಡೀ ಊರೇ ಸುಮ್ಮನಿತ್ತು. ಸಾಲ ಮಾಡಿ ಕೊರೆಸಿದ ಬಾವಿ ಬತ್ತಿದರೆ ಮೊದಲು ಮುಳುಗುವವನು ರೈತನೇ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ಸರ್ಕಾರ ಕೊಟ್ಟ ಉಚಿತ ವಿದ್ಯುತ್ತು ಬಡವನಿಗೆ ಆಸರೆಯಾಯಿತು, ನಿಜ. ಆದರೆ ಎತ್ತಿದ ನೀರಿನ ಲೆಕ್ಕವನ್ನೂ ಮರೆಸಿತು. 2011ರ ಅಂತರ್ಜಲ ಕಾಯ್ದೆಯು ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಸಲು ಅನುಮತಿ ಬೇಕೆಂದು ವಿಧಿಸಿತು. ಆದರೂ ಪ್ರತಿ ಹೊಲದ ಪಂಪಿನ ಬಳಿ ಸರ್ಕಾರ ಕಾವಲು ನಿಲ್ಲಲಾರದು.

2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಶುದ್ಧತೆಯ ಬಗೆಗೆ ಆತಂಕಗಳಿವೆ. ಆದರೆ ಕೆರೆ ತುಂಬಿದರೆ ಸುತ್ತಲಿನ ಬಾವಿಗಳೂ ಚೇತರಿಸುತ್ತವೆಂಬುದು ಅಲ್ಲಿ ಕಂಡುಬಂದಿದೆ. ತುಂಬಿದುದನ್ನು ಮತ್ತೆ ಅಳತೆಯಿಲ್ಲದೆ ಎತ್ತಿದರೆ ಫಲವೇನು? ಹನಿ ನೀರಾವರಿಯ ಕಥೆಯೂ ಇದೇ. ಉಳಿದ ನೀರಿನಲ್ಲಿ ಮತ್ತೊಂದು ಎಕರೆ ತೋಟವೆದ್ದರೆ ನೆಲದೊಡಲಿಗೆ ಉಳಿದುದು ಶೂನ್ಯ.

ನೆಲದಡಿಯ ನೀರಿಗೆ ಸರ್ವೆ ನಂಬರು ತಿಳಿಯದು. ಒಬ್ಬನ ಪಂಪು ಎತ್ತುವುದು ನೆರೆಯವನ ಪಾಲನ್ನೂ, ನಾಳೆಯ ಮಕ್ಕಳ ಪಾಲನ್ನೂ. ಬೆವರು ಸುರಿಸಿ ದುಡಿಯುವುದು ಕಾಯಕವೇ ಸರಿ. ಪರರ ಪಾಲನ್ನು ಉಳಿಸಿದಾಗಲೇ ಅದು ದಾಸೋಹವಾಗುತ್ತದೆ. ಮಳೆಗಾಲ ಮುಗಿದೊಡನೆ ಊರಿನವರು ಒಟ್ಟುಗೂಡಿ ಬಾವಿಗಳ ಮಟ್ಟವನ್ನು ಅಳೆದು, ಆ ವರ್ಷ ತೋಟವೆಷ್ಟು, ರಾಗಿಯೆಷ್ಟು ಎಂದು ನಿರ್ಧರಿಸಲಿ. ಬೇಸಗೆಯಲ್ಲಿ ಹೂಳೆತ್ತಲಿ. ಕೆರೆ ಕಟ್ಟಿಸಿದ ಶರಣರಿಗೆ ಸಲ್ಲುವ ನಿಜವಾದ ಪೂಜೆ ಅದೇ.