ದೀಪ ಹತ್ತಿದರೆ ಮೊದಲು ಪರೀಕ್ಷೆ, ಆಮೇಲೆ ಬಿಡಿಭಾಗ



ಅಡಿಕೆ ಮರದ ಗರಿ ಹಳದಿಯಾದರೆ ನಾವು ಯಾರೂ ಗರಿಗೆ ಔಷಧ ಹಚ್ಚುವುದಿಲ್ಲ. ಬುಡ ಬಗೆದು, ಅಣಬೆ ರೋಗವೋ, ನೀರು ನಿಂತು ಬೇರು ಕೊಳೆತಿದೆಯೋ, ಗೊಬ್ಬರ ಸಾಲದೋ ಎಂದು ನೋಡುತ್ತೇವೆ. ಇಷ್ಟು ವಿವೇಕವುಳ್ಳ ನಮ್ಮ ಸದಸ್ಯರೇ ಹಳೆಯ ಕಾರಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿದ ಕೂಡಲೇ ತುಮಕೂರಿಗೆ ಓಡಿ, ಗ್ಯಾರೇಜಿನಲ್ಲಿ ಹೇಳಿದ್ದನ್ನೆಲ್ಲ ಹಾಕಿಸಿ, ಹಣ ತೆತ್ತು ಬರುತ್ತಾರೆ. ಹಲವು ಬಾರಿ ವಾರ ಕಳೆಯುವುದರೊಳಗೆ ದೀಪ ಮತ್ತೆ ಹತ್ತುತ್ತದೆ. ಈ ವಿಷಯ ಸಂಘದ ಪತ್ರಿಕೆಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಗುಬ್ಬಿ, ಕುಣಿಗಲ್ ಕಡೆಯ ಸಣ್ಣ ಹಿಡುವಳಿದಾರನಿಗೆ ಹಳೆಯ ಕಾರು ಷೋಕಿಯ ವಸ್ತುವಲ್ಲ. ಬಟವಾಡಿಯ ಮಾರುಕಟ್ಟೆಗೆ ಹೋಗಿಬರುವುದೂ ಅದರಲ್ಲೇ, ಅಪರಾತ್ರಿಯಲ್ಲಿ ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸುವುದೂ ಅದರಲ್ಲೇ.

ತಪ್ಪಿನ ಮೂಲ ಹಳೆಯ ಅಭ್ಯಾಸದಲ್ಲಿದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರಲ್ಲಿದ್ದುದು ಕಾರ್ಬುರೇಟರ್. ನಿಂತಲ್ಲಿ ಎಂಜಿನ್ ನಡುಗಿದರೆ ಸ್ಲೋ ಸ್ಪೀಡ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಕಿವಿಯಿಂದಲೇ ಆಲಿಸಿ ಸರಿಪಡಿಸುವ ಮೆಕ್ಯಾನಿಕ್‌ಗಳಿದ್ದರು. ಇಂಜೆಕ್ಷನ್ ಕಾರುಗಳಲ್ಲಿ ಗಾಳಿ, ಪೆಟ್ರೋಲ್ ಎರಡರ ಲೆಕ್ಕವನ್ನೂ ಪುಟ್ಟ ಕಂಪ್ಯೂಟರ್ ಇಡುತ್ತದೆ. ಇಲ್ಲಿ ಸ್ಕ್ರೂ ತಿರುಗಿಸುವುದು ರೋಗವನ್ನು ಮುಚ್ಚಿಡುವ ಕೆಲಸ.

ಲೆಕ್ಕ ತಪ್ಪಿದಾಗ ಕಂಪ್ಯೂಟರ್ ದೀಪ ಹೊತ್ತಿಸಿ, ಒಂದು ಕೋಡನ್ನು ಬರೆದಿಡುತ್ತದೆ. ಅದು ದೂರು ಮಾತ್ರ, ತೀರ್ಪಲ್ಲ. ಹೋದ ವರ್ಷ ನನ್ನ ಕಾರಿಗೆ ಪಿ 0171 ಎಂಬ ಕೋಡ್ ಬಂದಿತ್ತು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಒಂದು ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕು ಎಂದು ಪಟ್ಟು ಹಿಡಿದರು. ಸೆನ್ಸರ್ ತಾನು ಕಂಡದ್ದನ್ನು ಹೇಳಿದೆ, ಅದರದೇನು ತಪ್ಪು ಎಂದು ನಾನು ಒಪ್ಪಲಿಲ್ಲ. ರಬ್ಬರ್ ಪೈಪುಗಳನ್ನು ಒಂದೊಂದಾಗಿ ನೋಡಿಸಿದಾಗ ಥ್ರಾಟಲಿನ ಹಿಂದಿನ ಸಣ್ಣ ಪೈಪನ್ನು ಇಲಿ ಕಡಿದಿತ್ತು. ಅಡಿಕೆ ಷೆಡ್ಡಿನಲ್ಲಿ ಕಾರು ನಿಲ್ಲಿಸುವವರೆಲ್ಲ ಬಾನೆಟ್ ಎತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. ಇಲಿ, ಅಳಿಲುಗಳಿಗೆ ವೈರು, ಪೈಪು ಎರಡೂ ಇಷ್ಟ.

ನಡುಕ ನಿಂತಾಗ ಮಾತ್ರ ಇದ್ದು, ವೇಗ ಹಿಡಿದ ಮೇಲೆ ಹೋಗುವುದಾದರೆ ಮೊದಲು ನೋಡಬೇಕಾದ್ದು ಗಾಳಿ ಸೋರಿಕೆ ಮತ್ತು ಕರಿ ಕಟ್ಟಿದ ಥ್ರಾಟಲ್ ಬಾಡಿ. ಏರಿನಲ್ಲೂ ಜಗ್ಗಿ ಮಿಸ್ಸಿಂಗ್ ಹೊಡೆದರೆ ಪ್ಲಗ್, ಕಾಯಿಲ್, ಇಂಜೆಕ್ಟರುಗಳ ಕಡೆ ಗಮನ ಹರಿಸಬೇಕು. ಎಂಜಿನ್ ಸರಿಯಾಗಿ ಓಡುತ್ತಿದ್ದೂ ಕಾರು ಮಾತ್ರ ಅದುರುತ್ತಿದ್ದರೆ ಮೌಂಟಿಂಗ್ ರಬ್ಬರ್ ಕುಸಿದಿರಬಹುದು. ಪಿ 0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಸಿಲಿಂಡರಿಗೊಂದು ಕಾಯಿಲ್ ಇರುವ ಕಾರಾದರೆ ಒಂದನೆಯದನ್ನು ಎರಡನೆಯದಕ್ಕೆ ಅದಲು ಬದಲು ಮಾಡಿ ಓಡಿಸಿ. ಕೋಡ್ ಪಿ 0302 ಆಗಿ ಬಂದರೆ ಕಾಯಿಲೇ ಕೆಟ್ಟಿದೆ. ಹಳೆಯದೇ ಉಳಿದರೆ ಪ್ಲಗ್ ಮುಂತಾದವನ್ನು ನೋಡಬೇಕು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ. ಮಾಡುವವರು ಕಡಿಮೆ, ಏಕೆಂದರೆ ಇದರಲ್ಲಿ ಬಿಡಿಭಾಗ ಮಾರಾಟವಾಗುವುದಿಲ್ಲ! ಎಥೆನಾಲ್ ಬೆರೆತ ಪೆಟ್ರೋಲಿನ ಮೇಲೆ ಎಲ್ಲ ದೋಷವನ್ನೂ ಹೊರಿಸುವುದು ಈಗಿನ ರೂಢಿ. ಹಳೆಯ ರಬ್ಬರಿಗೆ ಅದು ಒಗ್ಗದಿರಬಹುದು, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಆದರೆ ಒಂದೇ ಸಿಲಿಂಡರ್ ಮಿಸ್ ಆಗುವುದಕ್ಕೆ ಟ್ಯಾಂಕಿನ ಪೆಟ್ರೋಲನ್ನು ದೂರುವುದರಲ್ಲಿ ಅರ್ಥವಿಲ್ಲ.

ಕೋಡ್ ಓದುವ ಮುನ್ನ ಬ್ಯಾಟರಿ ತಂತಿ ಬಿಚ್ಚಲು ಯಾರಿಗೂ ಬಿಡಬೇಡಿ. ಅನೇಕ ಕಾರುಗಳಲ್ಲಿ ಬರೆದಿಟ್ಟದ್ದು ಅಳಿಸಿಹೋಗುತ್ತದೆ. ಹಳೆಯ ಕಾರು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಮೊದಲೇ ಹತ್ತದಿದ್ದರೆ ಬಲ್ಬು ಕೆಟ್ಟಿದೆ, ಇಲ್ಲವೇ ಯಾರೋ ಕಿತ್ತಿದ್ದಾರೆ.

ದೀಪಗಳಲ್ಲಿ ಭೇದವಿದೆ. ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಎಂಜಿನ್ ನಯವಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದೇ ದೀಪ ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನತ್ತ ಹೋಗಿ, ಬಲು ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದರ್ಥ. ವೇಗ ಇಳಿಸಿ, ಬೇಗ ನಿಲ್ಲಿಸಬೇಕು. ಕೆಂಪು ಆಯಿಲ್ ದೀಪ ಹತ್ತಿದರೆ ಊರು ಎರಡೇ ಮೈಲಿ ಇದ್ದರೂ ಮುಂದೆ ಹೋಗಬಾರದು.

ಇನ್ನು ನನ್ನ ಸಲಹೆ. ಕೋಡ್ ಓದುವ ಸಾಮಾನ್ಯ ಸಾಧನವೊಂದನ್ನು ಸಂಘವೇ ಕೊಂಡು, ಸದಸ್ಯರ ಬಳಕೆಗೆ ಕಚೇರಿಯಲ್ಲಿ ಇಡಬೇಕೆಂದು ಆಡಳಿತ ಮಂಡಳಿಯ ಮುಂದೆ ಪ್ರಸ್ತಾಪಿಸುತ್ತಿದ್ದೇನೆ. ಮೊಬೈಲಿಗೆ ಜೋಡಿಸುವ ಸಣ್ಣ ಸಾಧನಕ್ಕೆ ಬೇಡದ ಒಂದು ಸೆನ್ಸರಿನಷ್ಟು ಬೆಲೆಯೂ ಇಲ್ಲ. ಗೊಬ್ಬರ, ಮೈಲುತುತ್ತದ ಸಂಘಕ್ಕೆ ಕಾರಿನ ಉಸಾಬರಿ ಏಕೆ ಎನ್ನುವ ನಿರ್ದೇಶಕರೂ ಇದ್ದಾರೆ. ಅವರ ಮಾತನ್ನೂ ಸಭೆ ಕೇಳಲಿ. ಭಾರತ್ ಸ್ಟೇಜ್ 4ರ ಕಾರುಗಳಲ್ಲಿ 2013ರ ಏಪ್ರಿಲ್ ನಂತರ ತಯಾರಾದವನ್ನು ಈ ಸಾಧನ ಸಾಮಾನ್ಯವಾಗಿ ಓದುತ್ತದೆ. ಅದಕ್ಕಿಂತ ಹಳೆಯವು ಕೆಲವಕ್ಕೆ ಆಯಾ ಕಂಪನಿಯ ಸಾಧನವೇ ಬೇಕು. ಆದಕಾರಣ ಸದಸ್ಯರು ತಮ್ಮ ಕಾರಿನ ಹೆಸರು, ತಯಾರಾದ ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು, ಸಭೆಗೆ ಮುಂಚೆ ಕಚೇರಿಗೆ ತಲುಪಿಸಬೇಕಾಗಿ ಕೋರಿಕೆ.