ಕ್ಲಚ್ಚಿಲ್ಲದ ಗಾಡಿಗೆ ಕ್ಲಚ್ಚಿನ ರೋಗ

ನಿವೃತ್ತ ಅಂಚೆ ನೌಕರರಾದ ಓದುಗರೊಬ್ಬರು ಎರಡು ಪುಟ ತುಂಬ ಕಾಗದ ಬರೆದಿದ್ದಾರೆ. ಅವರ ಮಗ ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಓಡಿಸುವುದು ಎಂಟು ಗೇರಿನ ಆಟೊಮ್ಯಾಟಿಕ್ ಪಿಕಪ್ ಗಾಡಿ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಹೋಗುತ್ತಿರುವಾಗ, ರಸ್ತೆ ಎಷ್ಟೇ ನುಣುಪಾಗಿದ್ದರೂ, ಉಬ್ಬುಗೆರೆಗಳ ಮೇಲೆ ಹಾದಂತೆ ಗಾಡಿ ಗಡಗಡ ನಡುಗುತ್ತದಂತೆ. ಒಂದೆರಡು ಸೆಕೆಂಡಿನಲ್ಲಿ ತಾನೇ ನಿಲ್ಲುತ್ತದಂತೆ. ಅಲ್ಲಿಯ ಗ್ಯಾರೇಜೊಂದರಲ್ಲಿ ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ಸಾವಿರಾರು ಡಾಲರಿನ ಲೆಕ್ಕ ಬರೆದುಕೊಟ್ಟಿದ್ದಾರೆ. "ಕ್ಲಚ್ಚೇ ಇಲ್ಲದ ಗಾಡಿಗೆ ಈ ರೋಗ ಎಲ್ಲಿಂದ ಬಂತು? ನನ್ನ ಮನೆಯವರಿಗೆ ರಾತ್ರಿ ನಿದ್ದೆಯಿಲ್ಲ" ಎಂಬುದು ಅವರ ಅಳಲು. ಪಿಯುಸಿ ಓದುವ ಮೊಮ್ಮಗಳು ಕಾಗದದ ಕೊನೆಗೆ ತಾನೂ ಒಂದು ಸಾಲು ಸೇರಿಸಿದ್ದಾಳೆ: "ಇದಕ್ಕೂ ನಮ್ಮ ಪಾಠದ ಘರ್ಷಣೆಗೂ ಸಂಬಂಧವಿದೆಯೇ ಸಾರ್?"

ಇದೆ ಮಗೂ. ರೋಗದ ಬೇರೇ ಅಲ್ಲಿರಬಹುದು.

ಮೊದಲು ಕ್ಲಚ್ಚಿನ ಮಾತು. ಆಟೊಮ್ಯಾಟಿಕ್ ಗಾಡಿಯಲ್ಲಿ ಇಲ್ಲದಿರುವುದು ಕ್ಲಚ್ಚಿನ ಪೆಡಲು ಮಾತ್ರ. ನಮ್ಮ ಮಾಮೂಲಿ ಕಾರಿನಲ್ಲಿ, ಲಾರಿಯಲ್ಲಿ ಇರುವುದು ಒಂದು ಕ್ಲಚ್ಚು. ಜನರಲ್ ಮೋಟಾರ್ಸ್ ಕಂಪನಿ 2015ರ ಮಾದರಿಯ ಪಿಕಪ್‌ಗಳಿಂದ ಬಳಕೆಗೆ ತಂದ ಎಂಟು ಗೇರಿನ ಪೆಟ್ಟಿಗೆಯಲ್ಲಿ ಗೇರು ಬದಲಿಸಲಿಕ್ಕೇ ಐದು ಕ್ಲಚ್ಚುಗಳಿವೆ. ಅವುಗಳ ಮುಂದೆ, ಇಂಜಿನ್ನಿಗೂ ಗೇರಿಗೂ ನಡುವೆ, ಆರನೆಯದೊಂದಿದೆ. ನಮ್ಮ ಇಂದಿನ ಕಥೆಯ ಮುಖ್ಯ ಪಾತ್ರಧಾರಿ ಅದೇ.

ಆ ಆರನೆಯದು ಏಕೆ ಬೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1905ರಲ್ಲಿ ಹರ್ಮನ್ ಫೊಟ್ಟಿಂಗರ್ ಎಂಬ ಜರ್ಮನ್ ಇಂಜಿನಿಯರ್ ಒಂದು ಪೇಟೆಂಟ್ ಪಡೆದ. ಅವನಿದ್ದದ್ದು ಸ್ಟೆಟಿನ್ ಬಂದರಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ (ಆ ಊರು ಈಗ ಪೋಲೆಂಡಿಗೆ ಸೇರಿದೆ). ಅತಿ ವೇಗವಾಗಿ ತಿರುಗುವ ಉಗಿ ಟರ್ಬೈನಿನಿಂದ ನಿಧಾನವಾಗಿ ತಿರುಗಬೇಕಾದ ಹಡಗಿನ ಪಂಖಕ್ಕೆ ಶಕ್ತಿ ಸಾಗಿಸುವುದು ಹೇಗೆ ಎಂಬುದು ಅವನ ತಲೆನೋವು. ಅವನು ಕಂಡುಕೊಂಡ ಉಪಾಯವನ್ನು ಮನೆಯಲ್ಲೇ ನೋಡಬಹುದು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಎದುರಿನ ಫ್ಯಾನೂ ಮೆಲ್ಲಗೆ ತಿರುಗಲು ತೊಡಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿ, ಮರಳಿ ಬರುವ ಎಣ್ಣೆಯ ದಿಕ್ಕು ತಿದ್ದಲು ನಡುವೆ ಮೂರನೆಯದೊಂದು ರೆಕ್ಕೆಚಕ್ರ ಇಟ್ಟರೆ ಅದೇ ಟಾರ್ಕ್ ಕನ್ವರ್ಟರ್. ಗಾಡಿ ಹೊರಡುವಾಗ ಇದು ಇಂಜಿನ್ನಿನ ತಿರುಚುಬಲವನ್ನು ಹೆಚ್ಚುಕಡಿಮೆ ಇಮ್ಮಡಿಯಾಗಿಸಿ ಕೊಡುತ್ತದೆ. ಗೇರಿನಲ್ಲಿದ್ದೂ ಗಾಡಿ ಸಿಗ್ನಲಿನಲ್ಲಿ ಇಂಜಿನ್ ಆರಿಹೋಗದೆ ನಿಲ್ಲುವುದು ಇದರಿಂದಲೇ: ಎದುರಿನ ಫ್ಯಾನನ್ನು ಕೈಯಲ್ಲಿ ಹಿಡಿದರೂ ಈಚೆಯದು ತಿರುಗುತ್ತಲೇ ಇರುತ್ತದಲ್ಲ, ಹಾಗೆ.

ಆದರೆ ಎಣ್ಣೆಯ ಮೂಲಕ ಶಕ್ತಿ ಸಾಗುವಾಗ ಒಂದಿಷ್ಟು ಸೋರಿಕೆ ತಪ್ಪದು. ಮುಂದಿನ ಚಕ್ರ ಹಿಂದಿನದಕ್ಕಿಂತ ಸದಾ ತುಸು ನಿಧಾನ. ಆ ವ್ಯತ್ಯಾಸವೆಲ್ಲ ಶಾಖವಾಗಿ ಹೋಗುತ್ತದೆ, ಪೆಟ್ರೋಲು ಹಾಳು. ಅದಕ್ಕೇ ಹೆದ್ದಾರಿ ವೇಗದಲ್ಲಿ ಎರಡೂ ಚಕ್ರಗಳನ್ನು ಒಂದಕ್ಕೊಂದು ಕಚ್ಚಿಸಲು ಕನ್ವರ್ಟರಿನೊಳಗೇ ಒಂದು ಕ್ಲಚ್ಚು ಇಟ್ಟರು. ಅದೇ ಆರನೆಯದು. ಇಲ್ಲಿಗೆ ನಿಂತಿದ್ದರೆ ಚೆನ್ನಿತ್ತು. ಪೂರ್ತಿ ಕಚ್ಚಿಸಿದರೆ ಇಂಜಿನ್ನಿನ ಒಂದೊಂದು ಬಡಿತವೂ ಸೀಟಿಗೆ ತಟ್ಟುತ್ತದೆಂದು ಈಚಿನ ಗಾಡಿಗಳಲ್ಲಿ ಅದನ್ನು ಬೇಕೆಂದೇ ಕೊಂಚ ಜಾರಲು ಬಿಡುತ್ತಾರೆ. ನಿಮಿಷಕ್ಕೆ ಕೆಲವು ಹತ್ತು ಸುತ್ತುಗಳಷ್ಟು ಜಾರಿಕೆ, ಗಂಟೆಗಟ್ಟಲೆ, ಎಣ್ಣೆಯಲ್ಲಿ ಮುಳುಗಿಕೊಂಡೇ. ಮಿತವ್ಯಯದ ಮೇಲಿನ ಈ ಹಟಕ್ಕೆ ಸರಕಾರಗಳ ಇಂಧನ ನಿಯಮಗಳೂ ಕಾರಣ. ಇಂಜಿನಿಯರನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಈಗ ತರಗತಿಗೆ ಬನ್ನಿ. ಸೀಮೆಸುಣ್ಣವನ್ನು ಕಪ್ಪು ಹಲಗೆಯ ಮೇಲೆ ನೆಟ್ಟಗೆ ಒತ್ತಿ ಎಳೆದರೆ ಮೈ ಜುಮ್ಮೆನ್ನುವಂತೆ ಕಿರ್ರೆನ್ನುತ್ತದೆ. ಎಳೆದ ಗೆರೆಯನ್ನು ಹತ್ತಿರ ಹೋಗಿ ನೋಡಿ, ಅದು ಒಂದೇ ಗೆರೆಯಾಗಿರದೆ ಚುಕ್ಕೆಗಳ ಸಾಲಾಗಿರುತ್ತದೆ. ಸುಣ್ಣದ ಕಡ್ಡಿ ಒಂದು ಕ್ಷಣ ಅಂಟಿಕೊಂಡಿತ್ತು, ಮರುಕ್ಷಣ ಜಾರಿತ್ತು, ಮತ್ತೆ ಅಂಟಿತ್ತು. ಕಾರಣ, ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿನದಕ್ಕಿಂತ ಹೆಚ್ಚು. ಇದನ್ನು ಇನ್ನೂ ನಿಧಾನವಾಗಿ ನೋಡಬೇಕೆಂದರೆ ಮರದ ತುಂಡಿಗೊಂದು ರಬ್ಬರ್ ಬ್ಯಾಂಡು ಕಟ್ಟಿ ಬೆಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ರಬ್ಬರು ಹಿಗ್ಗುತ್ತದೆ, ತುಂಡು ಅಲ್ಲಾಡುವುದಿಲ್ಲ. ಇನ್ನೂ ಹಿಗ್ಗುತ್ತದೆ, ತುಂಡು ಫಕ್ಕನೆ ಮುಂದೆ ನೆಗೆದು ನಿಲ್ಲುತ್ತದೆ. ಬೇಗ ಎಳೆದರೆ ಈ ಕುಪ್ಪಳಿಕೆ ಮಾಯ. ಹಳೆಯ ಬಾಗಿಲಿನ ಕಿರುಗುಟ್ಟುವಿಕೆ, ಪಿಟೀಲಿನ ಕಮಾನಿನ ನಾದ ಎಲ್ಲ ಈ ಜಾತಿಯವೇ. ಟೆಕ್ಸಾಸಿನ ಪಿಕಪ್ಪಿನ ನಡುಕವೂ ಇದೇ ಜಾತಿಯದೆಂದು ಆ ಕಾಗದದ ವಿವರ ಓದಿದರೆ ಅನ್ನಿಸುತ್ತದೆ.

ನಿಧಾನವಾಗಿ ಜಾರಬೇಕಾದ ಕ್ಲಚ್ಚಿಗೆ ಸೀಮೆಸುಣ್ಣದ ಗುಣ ಬಂದರೆ ಗತಿ ಏನು? ಅದಕ್ಕೇ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಾಮಾನ್ಯ ಎಣ್ಣೆಯಲ್ಲ. ಅದರಲ್ಲಿ ಉದ್ದ ಬಾಲದ ಕೆಲವು ಅಣುಗಳನ್ನು ಬೆರೆಸಿರುತ್ತಾರೆ. ಅವುಗಳ ತಲೆ ಲೋಹಕ್ಕೆ ಅಂಟಿ, ಬಾಲ ಹೊರಗೆ ಚಾಚಿ, ಪೈರಿನಂತೆ ನಿಲ್ಲುತ್ತವೆ. ಇದರಿಂದ ಮೆಲ್ಲಗೆ ಜಾರುವಾಗ ಘರ್ಷಣೆ ಕಡಿಮೆ, ಜಾರಿಕೆ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚು. ಅಂದರೆ ನಮ್ಮ ಪಾಠದ ಮರದ ತುಂಡಿಗೆ ಸರಿಯಾಗಿ ವಿರುದ್ಧ. ಈ ತಲೆಕೆಳಗಿನ ಏರ್ಪಾಡು ಉಳಿದಿರುವತನಕ ಕ್ಲಚ್ಚು ಬೆಣ್ಣೆಯಂತೆ ಜಾರುತ್ತದೆ. ಎಣ್ಣೆ ಸುಟ್ಟರೆ, ಹಳತಾದರೆ, ಅದಕ್ಕೆ ನೀರು ಸೇರಿದರೆ ಏರ್ಪಾಡು ಕೆಡುತ್ತದೆ.

ನೀರು ಎಲ್ಲಿಂದ? ಗೇರ್‌ಬಾಕ್ಸೂ ಉಸಿರಾಡುತ್ತದೆ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಸಣ್ಣ ರಂಧ್ರದಿಂದ ಹೊರಹೋಗುತ್ತದೆ, ತಣಿದಾಗ ಹೊರಗಿನ ತೇವದ ಗಾಳಿ ಒಳಬರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಏನಾಗುತ್ತದೆಂಬುದು ಮನೆಯ ಹೆಂಗಸರಿಗೆ ಗೊತ್ತು. ಜನರಲ್ ಮೋಟಾರ್ಸ್‌ನ ಎಂಟು ಗೇರಿನ ಗಾಡಿಗಳಲ್ಲಿ ಇಂಥದೇ ನಡುಕದ ದೂರುಗಳು ರಾಶಿ ಬಿದ್ದಾಗ, ಮೊದಲು ಹಾಕುತ್ತಿದ್ದ ಎಣ್ಣೆ ತೇವ ಹೀರುವುದು ಅದರ ಮೂಲದಲ್ಲಿತ್ತು. 2019ರ ಹೊತ್ತಿಗೆ ಕಂಪನಿ ಬೇರೊಂದು ಎಣ್ಣೆಯನ್ನು ಗೊತ್ತುಮಾಡಿ, ಹಳೆಯದನ್ನು ಯಂತ್ರದಿಂದ ಪೂರ್ತಿ ತೊಳೆದು ಇದನ್ನು ತುಂಬಿಸಬೇಕೆಂದು ತನ್ನ ವರ್ಕ್‌ಶಾಪುಗಳಿಗೆ ಸೂಚನೆ ಕಳಿಸಿತು. ಗಾಡಿಯವರು ಮಿಷಿಗನ್ ರಾಜ್ಯದ ಫೆಡರಲ್ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ನಮ್ಮ ಓದುಗರ ಮಗನ ಗಾಡಿ ಯಾವ ಕಂಪನಿಯದೆಂದು ಕಾಗದದಲ್ಲಿಲ್ಲ. ಇದ್ದರೂ ನಾನು ಇಲ್ಲಿ ಕುಳಿತು ತೀರ್ಪು ಕೊಡಲಾಗದು. ಆದರೆ ಗೇರ್‌ಬಾಕ್ಸಿಗೆ ದುಡ್ಡು ಸುರಿಯುವ ಮುನ್ನ ಅವರು ಕೇಳಬೇಕಾದ ಪ್ರಶ್ನೆಗಳಿವೆ. ಕಂಪ್ಯೂಟರಿನಲ್ಲಿ ಯಾವ ದೋಷಸಂಖ್ಯೆ ಬಂದಿದೆ? ಎಣ್ಣೆ ನೋಡಿದರೇ? ಈ ಮಾದರಿಗೆ ಕಂಪನಿಯ ಸೂಚನೆ ಏನಾದರೂ ಇದೆಯೇ? ಅಂಥ ಸೂಚನೆಗಳನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ, ಕಾಸು ಕೊಡಬೇಕಿಲ್ಲ.

ನಡುಕ ಕನ್ವರ್ಟರಿನದೋ ಚಕ್ರದ ಸಮತೋಲ ತಪ್ಪಿದ್ದೋ ಎಂದು ತಿಳಿಯಲು ಮೆಕ್ಯಾನಿಕ್‌ಗಳು ಒಂದು ಹಳೆಯ ಪರೀಕ್ಷೆ ಮಾಡುತ್ತಾರೆ. ಖಾಲಿ ರಸ್ತೆಯಲ್ಲಿ, ನಡುಗುತ್ತಿರುವಾಗಲೇ, ಆಕ್ಸಿಲರೇಟರು ಬಿಡದೆ ಬ್ರೇಕಿನ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ತಾಗಿಸುವುದು. ಬ್ರೇಕು ತಾಗಿದೊಡನೆ ಬಹುತೇಕ ಗಾಡಿಗಳು ಆ ಆರನೆಯ ಕ್ಲಚ್ಚನ್ನು ಬಿಡಿಸಿಬಿಡುತ್ತವೆ. ನಡುಕ ಥಟ್ಟನೆ ನಿಂತರೆ ಕಳ್ಳ ಸಿಕ್ಕ. ನಿಲ್ಲದಿದ್ದರೆ ಟೈರು, ಪ್ರೊಪೆಲ್ಲರ್ ಶಾಫ್ಟು, ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಇತ್ಯಾದಿ ಕಡೆ ಹುಡುಕಬೇಕು. ಇದು ಪಳಗಿದವರ ಕೆಲಸ, ಹುಡುಗರು ಹೆದ್ದಾರಿಯಲ್ಲಿ ಮಾಡಿ ನೋಡುವ ಪ್ರಯೋಗವಲ್ಲ. ತಾಯಿಯವರಿಗೆ ಒಂದು ಮಾತು: ಹೀಗೆ ಬಂದು ಹೋಗುವ ನಡುಕದಿಂದ ಬ್ರೇಕಿಗಾಗಲಿ ಸ್ಟಿಯರಿಂಗಿಗಾಗಲಿ ತೊಂದರೆಯಿಲ್ಲ. ಹಾಗೆಂದು ತಿಂಗಳುಗಟ್ಟಲೆ ಬಿಟ್ಟರೆ ಕ್ಲಚ್ಚಿನ ಪದರ ಸವೆದು ಎಣ್ಣೆಯಲ್ಲಿ ಕಲೆಯುತ್ತದೆ. ಆದರೆ ಹೊರಡುವಾಗ ಡಿಗೆ ಹಾಕಿ ಎರಡು ಮೂರು ಸೆಕೆಂಡಾದರೂ ಗಾಡಿ ಏಳದಿರುವುದು, ಓಡುತ್ತಿರುವಾಗ ಗೇರೇ ಕಚ್ಚದೆ ಇಂಜಿನ್ ಮಾತ್ರ ಕೂಗುವುದು, ಈ ಲಕ್ಷಣಗಳು ಕಂಡರೆ ಆ ದಿನವೇ ಗಾಡಿ ನಿಲ್ಲಿಸಬೇಕು.

ಇನ್ನು ಗೇರು ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದಂತಾಗುವ ದೂರು. ಇದು ಬೇರೆ ರೋಗ. ಫೋರ್ಡ್ ಕಂಪನಿಯ 2017ರ ಎಫ್-150 ಪಿಕಪ್ಪಿನಿಂದ ಬಂದ ಹತ್ತು ಗೇರಿನ ಪೆಟ್ಟಿಗೆಯ ಬಗ್ಗೆ ಇಂಥ ದೂರುಗಳು ಕೋರ್ಟಿನವರೆಗೂ ಹೋಗಿವೆ. ಆಟೊಮ್ಯಾಟಿಕ್ಕಿನ ಗೇರುಗಳು ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೆ ಉಂಗುರ ಎಂಬಂತೆ ಸದಾ ಕಚ್ಚಿಕೊಂಡೇ ಇರುತ್ತವೆ. ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕೆಂಬುದಷ್ಟೇ ಕ್ಲಚ್ಚುಗಳ ಕೆಲಸ. ಗೇರು ಬದಲಾಗುವಾಗ ಒಂದು ಬಿಡುವ ಕ್ಷಣದಲ್ಲೇ ಇನ್ನೊಂದು ಹಿಡಿಯಬೇಕು. ಎರಡೂ ಒಟ್ಟಿಗೆ ಹಿಡಿದರೆ ಗುದ್ದು, ಎರಡೂ ಒಟ್ಟಿಗೆ ಬಿಟ್ಟರೆ ಇಂಜಿನ್ನಿನ ಕೂಗು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಮೇಲೆ ಹೇಳಿದ ಎಂಟು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ 4.56, ಎರಡನೆಯದು 2.97. ಮೊದಲ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಎರಡನೆಯದು ಬಿದ್ದಾಗ ಅದು 2000 × 2.97 ÷ 4.56, ಅಂದರೆ ಸುಮಾರು 1303ಕ್ಕೆ ಇಳಿಯಬೇಕು. ಐದರಿಂದ (1.27) ಆರಕ್ಕೆ (1.00) ಹೋಗುವಾಗ ಇಳಿಯಬೇಕಾದ್ದು 1575ಕ್ಕೆ ಮಾತ್ರ. ಕೆಳಗಿನ ಗೇರುಗಳಲ್ಲಿ ಇಳಿತ ದೊಡ್ಡದು. ಗುದ್ದು ಹೆದ್ದಾರಿಗಿಂತ ಪೇಟೆಯ ದಟ್ಟಣೆಯಲ್ಲೇ ಹೆಚ್ಚು ಅನುಭವಕ್ಕೆ ಬರುವುದಕ್ಕೆ ಇದೂ ಒಂದು ಕಾರಣ. ಕ್ಲಚ್ಚು ಸವೆದಂತೆ ಎಷ್ಟು ಒತ್ತಡ ಕೊಡಬೇಕೆಂಬುದನ್ನು ಗಾಡಿಯ ಕಂಪ್ಯೂಟರು ತಾನೇ ಕಲಿಯುತ್ತ ಹೋಗುತ್ತದೆ. ಯಾರಾದರೂ ಆ ಕಲಿಕೆಯನ್ನು ಅಳಿಸಿದ್ದರೆ ಮತ್ತೆ ಕಲಿಯುವವರೆಗೆ ಕೆಲವು ದಿನ ಗಾಡಿ ಒರಟಾಗಿ ವರ್ತಿಸುವುದು ಸಹಜ.

ನಮ್ಮಲ್ಲಿಯೂ ಈ ವಿಷಯ ದೂರದ್ದಾಗಿ ಉಳಿದಿಲ್ಲ. 2022ರಲ್ಲಿ ಟೊಯೋಟಾದ ಹೈಲಕ್ಸ್ ಪಿಕಪ್ ಭಾರತಕ್ಕೆ ಬಂದಾಗ ಆರು ಗೇರಿನ ಆಟೊಮ್ಯಾಟಿಕ್ಕಿನೊಂದಿಗೂ ಬಂತು. ಆದರೆ 2014ರಲ್ಲಿ ಮಾರುತಿ ಸೆಲೆರಿಯೋದಿಂದ ಶುರುವಾಗಿ ನಮ್ಮ ಸಣ್ಣ ಕಾರುಗಳಲ್ಲಿ ಬಂದಿರುವ ಎಎಂಟಿ ಎಂಬುದು ಬೇರೆಯೇ. ಅದು ಮಾಮೂಲಿ ಗೇರ್‌ಬಾಕ್ಸೇ; ಕ್ಲಚ್ಚನ್ನು ನಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ. ಗೇರು ಬದಲಾಗುವಾಗ ಅದು ಒಂದು ಕ್ಷಣ ತಡೆದು ತಲೆಯಾಡಿಸಿದಂತಾಗುವುದು ರೋಗವಲ್ಲ, ಸ್ವಭಾವ. ಅದಕ್ಕಾಗಿ ಗ್ಯಾರೇಜಿಗೆ ಓಡಬೇಡಿ.

ಎಣ್ಣೆಯ ವಿಷಯದಲ್ಲಿ ಮಾತ್ರ ಕೆಲವು ಕಂಪನಿಗಳ "ಆಯುಷ್ಯಪೂರ್ತಿ ಬದಲಿಸಬೇಕಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರ ಆಯುಷ್ಯ ಎಂದು ಅವರು ಹೇಳುವುದಿಲ್ಲ. ಹಿಂದೆ ದೋಣಿಯನ್ನೋ ಟ್ರೇಲರನ್ನೋ ಕಟ್ಟಿ ಎಳೆಯುವ ಗಾಡಿಯ ಎಣ್ಣೆ ಬೇಗ ಬಿಸಿಯಾಗಿ ಬೇಗ ಮುದಿಯಾಗುತ್ತದೆ. ಎಳೆಯುವಾಗ ಅದಕ್ಕೆಂದೇ ಇರುವ ಗುಂಡಿ ಒತ್ತಿದರೆ ಗಾಡಿ ಏರಿನಲ್ಲಿ ಪದೇ ಪದೇ ಗೇರು ಬದಲಿಸುವುದು ತಪ್ಪುತ್ತದೆ, ಶಾಖವೂ ತಗ್ಗುತ್ತದೆ. ಬದಲಿಸುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು, "ಎಲ್ಲದಕ್ಕೂ ಆಗುತ್ತೆ" ಎಂಬ ಡಬ್ಬಿ ಬೇಡ. ಮಟ್ಟ ನೋಡುವುದು ಎಣ್ಣೆ ಹೇಳಿದಷ್ಟು ಬಿಸಿಯಾದಾಗಲೇ, ಏಕೆಂದರೆ ಅದೂ ಹಿಗ್ಗುತ್ತದೆ.

ಎಣ್ಣೆ ಬಸಿಯುವ ದಿನ ಆ ಮಗ ಗ್ಯಾರೇಜಿನಲ್ಲೇ ನಿಲ್ಲಲಿ. ಗೇರ್‌ಬಾಕ್ಸಿನ ತಳದ ತಟ್ಟೆಯನ್ನು ಬಿಚ್ಚಿದರೆ ಅದರಲ್ಲಿ ಒಂದೆರಡು ಅಯಸ್ಕಾಂತಗಳಿರುತ್ತವೆ. ಅವಕ್ಕೆ ಅಂಟಿರುವುದು ಕಾಡಿಗೆಯಂಥ ನುಣುಪಾದ ಬೂದುಬಣ್ಣದ ಲೇಪವಾದರೆ ಅದು ಸಹಜ ಸವೆತ, ಒರೆಸಿ ಹೊಸ ಎಣ್ಣೆ ತುಂಬಿದರೆ ಸರಿಹೋಗುವ ಆಸೆ ಇಟ್ಟುಕೊಳ್ಳಬಹುದು. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿದ್ದು, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಮಾತ್ರ ಗ್ಯಾರೇಜಿನವರು ಬರೆದುಕೊಟ್ಟ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಗುತ್ತದೆ.