ಹೊಗೆ ಯಾರದು, ಲೆಕ್ಕ ಯಾರ ಹೆಸರಲ್ಲಿ?

2024ರ ಡಿಸೆಂಬರ್ 30ರಂದು ಭಾರತ ಸರಕಾರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಕಚೇರಿಗೆ ಒಂದು ಲೆಕ್ಕ ಒಪ್ಪಿಸಿತು. ಅದರ ಪ್ರಕಾರ 2020ರಲ್ಲಿ ನಮ್ಮ ದೇಶ ಗಾಳಿಗೆ ಬಿಟ್ಟ ಹಸಿರುಮನೆ ಅನಿಲಗಳ ಒಟ್ಟು ತೂಕ 295 ಕೋಟಿ 90 ಲಕ್ಷ ಟನ್. ಇದರಲ್ಲಿ ಶೇ. 75.66ರಷ್ಟು ಇಂಧನ ವಲಯದ್ದು, ಅಂದರೆ ಮುಖ್ಯವಾಗಿ ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್, ಗ್ಯಾಸು ಉರಿಸಿದ್ದರಿಂದ ಬಂದದ್ದು. ಕರೆಂಟು ತಯಾರಿಸುವುದೊಂದರ ಪಾಲೇ ಒಟ್ಟು ಮೊತ್ತದ ಸುಮಾರು ಶೇ. 39. ಕಾಡು ಮತ್ತು ನೆಲ ಹೀರಿಕೊಂಡದ್ದನ್ನು ಕಳೆದರೆ ಉಳಿಯುವ ನಿವ್ವಳ ಮೊತ್ತ 2019ಕ್ಕಿಂತ ಶೇ. 7.93ರಷ್ಟು ಇಳಿದಿದೆ ಎಂದು ವರದಿ ಹೇಳುತ್ತದೆ. ಇಳಿಯದೆ ಏನಾದೀತು? ಅದು ಲಾಕ್‌ಡೌನಿನ ವರ್ಷ. ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದವರ ವರ್ಷ. ಅವರು ಬಸ್ಸು ರೈಲು ಸಿಗದೆ ನಡೆದದ್ದು ದೇಶದ ಖಾತೆಯಲ್ಲಿ ಉಳಿತಾಯವಾಗಿ ಜಮೆಯಾಗಿದೆ.

ನಾವು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ ಸಣ್ಣದು. ಈ 295 ಕೋಟಿ ಟನ್ನಿನಲ್ಲಿ ತುಕ್ಕಾನಟ್ಟಿ ಎಲ್ಲಿದೆ?

ತುಕ್ಕಾನಟ್ಟಿ ಬೆಳಗಾವಿ ಜಿಲ್ಲೆಯ ಹಳ್ಳಿ. ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿಗೆ ಸೇರಿದೆ. ಒಕ್ಕಲುತನದ ಮಂದಿಗೆ ಅದರ ಹೆಸರು ಗೊತ್ತಿರುವುದು ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದಿಂದ. ಈ ಸೀಮೆ ಘಟಪ್ರಭೆಯ ನೀರಿನದು, ಕಬ್ಬಿನದು. ಹಾಗಂತ ಇಂಧನದ ಮಾತು ಇಲ್ಲಿಗೆ ಹೊಸದೇನಲ್ಲ. ಹತ್ತಿರದ ಗೋಕಾಕ ಫಾಲ್ಸಿನಲ್ಲಿ ಧುಮುಕುವ ನೀರಿನ ಶಕ್ತಿಯಿಂದ ನೂಲಿನ ಮಿಲ್ಲು ನಡೆಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿಯೇ. ಇಂಥ ಊರಿನಲ್ಲಿ ಉರಿಯುವುದು ಏನೇನು? ಒಲೆಯಲ್ಲಿ ಕಟ್ಟಿಗೆ ಮತ್ತು ಕುಳ್ಳು, ಗಾಣದಲ್ಲಿ ಕಬ್ಬಿನ ಸಿಪ್ಪೆ, ಟ್ರ್ಯಾಕ್ಟರಿನಲ್ಲಿ ಡೀಸೆಲ್, ಕೆಲವರ ಅಡಿಗೆಮನೆಯಲ್ಲಿ ಗ್ಯಾಸು, ಕಟಾವಾದ ಹೊಲದಲ್ಲಿ ರವದಿ. ಬೋರಿನ ಪಂಪು ಮಾತ್ರ ಇಲ್ಲಿ ಹೊಗೆ ಬಿಡುವುದಿಲ್ಲ.

ದೇಶದ ಲೆಕ್ಕ ಹಾಕುವ ವಿಧಾನ ಕೇಳಲು ಸುಲಭ. ಎಷ್ಟು ಇಂಧನ ಉರಿಯಿತು, ಒಂದು ಟನ್ನಿನಲ್ಲಿ ಎಷ್ಟು ಶಾಖ ಇತ್ತು, ಅಷ್ಟು ಶಾಖಕ್ಕೆ ಎಷ್ಟು ಇಂಗಾಲ ಗಾಳಿಗೆ ಹೋಗುತ್ತದೆ ಎಂಬ ಮೂರನ್ನು ಗುಣಿಸಿದರೆ ಆಯಿತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. 14.2 ಕಿಲೋದ ಒಂದು ಗ್ಯಾಸ್ ಸಿಲಿಂಡರಿಗೆ ಸುಮಾರು 42 ಕಿಲೋ. ಈ ಲೆಕ್ಕವನ್ನು ಎರಡು ದಾರಿಯಿಂದ ಮಾಡಿ ತಾಳೆ ನೋಡಬೇಕೆಂಬುದು ಐಪಿಸಿಸಿ ಎಂಬ ಅಂತರರಾಷ್ಟ್ರೀಯ ವಿಜ್ಞಾನಿ ಮಂಡಳಿಯ ನಿಯಮ. ಕಿರಾಣಿ ಅಂಗಡಿಯವ ಮಾಡುವುದೂ ಇದನ್ನೇ. ತಂದ ಮಾಲಿನಲ್ಲಿ ಉಳಿದದ್ದನ್ನು ಕಳೆದು ಒಂದು ಲೆಕ್ಕ, ಗಿರಾಕಿಗಳ ಚೀಟಿ ಕೂಡಿಸಿ ಇನ್ನೊಂದು ಲೆಕ್ಕ. ಎರಡೂ ಹೊಂದದಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಜಮಾ, ಖರ್ಚು, ಬಾಕಿ ಎಂಬ ಮಾತುಗಳೆಲ್ಲ ನಮ್ಮ ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೋಗುವಾಗ ವೇಷ ಬದಲಿಸಬೇಕಾಗಿರಲಿಲ್ಲ. ಹಿಸಾಬಿನಲ್ಲಿ ಕನ್ನಡಿಗರು ಭಾಷೆಯ ಜಗಳ ಮಾಡಿದವರಲ್ಲ.

ಈ ಕೆಲಸ ಮಾಡುವ ವಿಜ್ಞಾನಿಗಳ ಬಗ್ಗೆ ನಮಗೆ ಗೌರವವಿದೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಪರದೇಶದ ಕಲ್ಲಿದ್ದಲಿನ ಅಂಕಿ ಅದಕ್ಕೆ ಒಪ್ಪುವುದಿಲ್ಲ. ಅದನ್ನು ಇಲ್ಲಿಯೇ ಅಳೆದು, ನಮ್ಮದೇ ಗುಣಕಗಳನ್ನು ಕಂಡುಹಿಡಿದು, 2004ರಲ್ಲಿ ಒಪ್ಪಿಸಿದ ಮೊದಲ ರಾಷ್ಟ್ರೀಯ ವರದಿಯಿಂದಲೇ ಬಳಸಿಕೊಂಡು ಬಂದಿದ್ದಾರೆ. ತಕರಾರು ಗುಣಾಕಾರದ ಬಗ್ಗೆ ಅಲ್ಲ. ಯಾವ ಮನೆಯಲ್ಲಿ ಯಾವ ಅಂಕಿ ಬರೆಯುತ್ತಾರೆ, ಆಮೇಲೆ ಅದನ್ನು ಎಲ್ಲಿ ಓದಿ ತೋರಿಸುತ್ತಾರೆ ಎಂಬುದರ ಬಗ್ಗೆ.

ಮೊದಲ ನಿಯಮ, ಹೊಗೆ ಎದ್ದ ಜಾಗದಲ್ಲಿಯೇ ಅದನ್ನು ಬರೆಯಬೇಕು. ಐದು ಎಚ್‌ಪಿಯ ಪಂಪು ಏಳು ತಾಸು ಓಡಿದರೆ 28ರಿಂದ 30 ಯೂನಿಟ್ ಎಳೆಯುತ್ತದೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ದಿನಕ್ಕೆ 20 ಕಿಲೋ ಆಯಿತು. ಇದು ತುಕ್ಕಾನಟ್ಟಿಯ ಒಕ್ಕಲುತನದ ಹೆಸರಿನಲ್ಲಿ ಬರುವುದಿಲ್ಲ. ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಉರಿದ ಜಾಗದಲ್ಲಿ, 'ವಿದ್ಯುತ್ ಉತ್ಪಾದನೆ' ಎಂಬ ಮನೆಯಲ್ಲಿ ಬೀಳುತ್ತದೆ. ಅದೇ ಮನೆಯಲ್ಲಿ ಬೆಂಗಳೂರಿನ ಮಾಲಿನ ಹವಾನಿಯಂತ್ರಣವೂ ಇದೆ, ಸಿಮೆಂಟು ಉಕ್ಕಿನ ಕಾರ್ಖಾನೆಗಳು ಕೊಂಡ ಕರೆಂಟೂ ಇದೆ. ಒಮ್ಮೆ ಅಲ್ಲಿಗೆ ಹೋದ ಮೇಲೆ ಯಾರದು ಎಷ್ಟು ಎಂದು ಆ ಮನೆ ಹೇಳುವುದಿಲ್ಲ. ಒಂದೇ ಹೊಗೆಯನ್ನು ಎರಡು ಸಲ ಎಣಿಸಬಾರದು ಎಂಬ ಕಾರಣಕ್ಕೆ ಈ ನಿಯಮ ಸರಿಯೇ. ಆದರೆ ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಬಿಟ್ಟಿ ಕರೆಂಟಿನ ರೈತನನ್ನು ಬಯ್ಯುವಾಗ ಮಾತ್ರ ಆ ಮನೆಯ ಬಾಗಿಲು ಸ್ವಲ್ಪ ತೆರೆದು ಪಂಪ್‌ಸೆಟ್ಟನ್ನು ಹೊರಗೆಳೆಯುತ್ತಾರೆ. ಮಾಲನ್ನು ಯಾರೂ ಎಳೆಯುವುದಿಲ್ಲ.

ಎಳೆದರೂ ಸಿಗುವುದು ಅಳತೆಯಲ್ಲ, ಅಂದಾಜು. ರಾಜ್ಯದಲ್ಲಿ 2008ರಿಂದ ಹತ್ತು ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ. ಬಹುಪಾಲು ಪಂಪುಗಳಿಗೆ ಮೀಟರಿಲ್ಲ. ಮೀಟರಿಲ್ಲದವನ ಹೆಸರಿಗೆ ಎಷ್ಟು ಬರೆದರೂ ಕೇಳುವವರಿಲ್ಲ. ತಂತಿಯಲ್ಲಿ ಸೋರಿದ್ದು, ಕದ್ದದ್ದು ಕೂಡ ಪಂಪಿನ ಖಾತೆಗೆ ಹೋಗುತ್ತದೆಂಬ ಆಕ್ಷೇಪ ಹಳೆಯದು. ಮೀಟರ್ ಕೂಡಿಸಿರೆಂದು ವಿದ್ಯುತ್ ನಿಯಂತ್ರಣ ಆಯೋಗ ಹೇಳುತ್ತ ಬಂದಿದೆ. ರೈತ ಸಂಘಟನೆಗಳು, ಮೀಟರಿನ ಹಿಂದೆಯೇ ಬಿಲ್ಲು ಬರುತ್ತದೆ ಎಂದು ಹೆದರಿ ವಿರೋಧಿಸುತ್ತ ಬಂದಿವೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಅಳೆಯದೆ ಇದ್ದರೆ ಬಯ್ಗಳು ತಪ್ಪೀತೇ? ಈ ಕಡೆಯ ಕಬ್ಬಿನ ರೈತರೊಬ್ಬರು ನಮಗೆ ಹೇಳಿದ್ದು: "ಕರೆಂಟ್ ರಾತ್ರಿ ಎರಡಕ್ಕ ಕೊಡ್ತಾರ್ರಿ, ಹಾವು ಚೇಳಿನ ನಡುವ ಹೋಗಿ ನೀರ ಹಾಯಸ್ತೀವಿ. ಪಗಟ ಕೊಟ್ಟೀವಿ ಅಂತ ಹಗಲಿಡೀ ಹೇಳ್ತಾರ."

ಎರಡನೆಯ ನಿಯಮ ಇನ್ನೂ ವಿಚಿತ್ರ. ಕಟ್ಟಿಗೆ, ಕುಳ್ಳು, ಕಬ್ಬಿನ ಸಿಪ್ಪೆ ಉರಿದಾಗ ಹೊರಡುವ ಇಂಗಾಲದ ಡೈಆಕ್ಸೈಡನ್ನು ಇಂಧನ ವಲಯದ ಮೊತ್ತಕ್ಕೆ ಸೇರಿಸುವುದಿಲ್ಲ, ಪಕ್ಕದಲ್ಲಿ ಮಾಹಿತಿಗಾಗಿ ಬರೆದಿಡುತ್ತಾರೆ. ಗಿಡ ಬೆಳೆಯುವಾಗ ಹೀರಿದ್ದನ್ನೇ ಉರಿದಾಗ ಬಿಟ್ಟಿದೆ, ಮರ ಕಡಿದು ನಾಶವಾದರೆ ಅದು ಕಾಡಿನ ಲೆಕ್ಕದಲ್ಲಿ ಬರುತ್ತದೆ ಎಂಬುದು ತರ್ಕ. ಆ ಹೊಗೆಯೊಳಗಿನ ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಇಂಧನದ ಲೆಕ್ಕಕ್ಕೆ. ತರ್ಕದಲ್ಲಿ ದೋಷವಿಲ್ಲ. ಇದರ ಫಲ ನೋಡಿ. ಸಕ್ಕರೆ ಕಾರ್ಖಾನೆ ಸಿಪ್ಪೆ ಉರಿಸಿ ಕರೆಂಟು ಮಾಡಿ ಮಾರಿದರೆ ಅದರ ಇಂಗಾಲ ಸೊನ್ನೆ, ಹೆಸರು ಹಸಿರು. ಕಾರ್ಖಾನೆ ಸುತ್ತಲಿನ ಮನೆಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂಡುವ ಕರಿಯನ್ನು ಬರೆಯಲು ಈ ಖಾತೆಯಲ್ಲಿ ಅಂಕಣವೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಲೆಯ ಮುಂದೆ ಕೂತ ಹೆಣ್ಣುಮಗಳ ಸಂಗತಿ. ಅವಳು ಕಟ್ಟಿಗೆಯ ಒಲೆ ಊದುತ್ತಿರುವಷ್ಟು ಕಾಲ ದೇಶದ ಇಂಧನ ಖಾತೆಯಲ್ಲಿ ಅವಳ ಇಂಗಾಲ ಸೊನ್ನೆ. ಗ್ಯಾಸು ತಂದ ದಿನ ಅವಳ ಹೆಸರಿಗೆ ಸಿಲಿಂಡರಿಗೆ 42 ಕಿಲೋದಂತೆ ಏರುತ್ತದೆ. ಕಣ್ಣುರಿ ನಿಂತದ್ದು, ಕೆಮ್ಮು ಕಡಿಮೆಯಾದದ್ದು, ಪುಳ್ಳೆ ಆರಿಸಲು ಹೋಗುವ ತಾಸುಗಳು ಉಳಿದದ್ದು ಎಲ್ಲೂ ದಾಖಲಾಗುವುದಿಲ್ಲ. ದೇಶದ ಲೆಕ್ಕ ಚೆಂದ ಕಾಣಲೆಂದು ಅವಳು ಹೊಗೆ ಕುಡಿಯುತ್ತಲೇ ಇರಬೇಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಿಜ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆ ಕೋಟಿಗಟ್ಟಲೆ ಮನೆಗಳಿಗೆ ಗ್ಯಾಸು ಮುಟ್ಟಿಸಿದ್ದೂ ನಿಜ. ಆದರೆ 2023–24ರಲ್ಲಿಯೂ ಆ ಮನೆಗಳು ವರ್ಷಕ್ಕೆ ತುಂಬಿಸಿಕೊಂಡದ್ದು ಸರಾಸರಿ ನಾಲ್ಕು ಸಿಲಿಂಡರಿಗಿಂತ ಕಡಿಮೆ. ನಾಲ್ಕೆಂದೇ ಹಿಡಿದರೂ ಇಡೀ ಮನೆಗೆ ವರ್ಷಕ್ಕೆ 170 ಕಿಲೋ. ನಗರದ ಸಾಹೇಬರೊಬ್ಬರು ಕಾರಿಗೆ ಒಮ್ಮೆ 40 ಲೀಟರ್ ಡೀಸೆಲ್ ತುಂಬಿಸಿದರೆ 108 ಕಿಲೋ.

ಮೂರನೆಯದನ್ನು ಬೇಗ ಹೇಳಿಬಿಡುತ್ತೇವೆ. ದೇಶದಿಂದ ದೇಶಕ್ಕೆ ಹಾರುವ ವಿಮಾನದ, ಹಡಗಿನ ಇಂಧನ ಯಾವ ದೇಶದ ಮೊತ್ತಕ್ಕೂ ಸೇರುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಯುತ್ತದೆ. ನಮ್ಮ ಹಾಜಿಗಳನ್ನು ಬೆಂಗಳೂರಿನಿಂದ ಒಯ್ಯುವ ವಿಮಾನದ ಹೊಗೆ ಭಾರತದ್ದೂ ಅಲ್ಲ, ಸೌದಿಯದೂ ಅಲ್ಲ. ಹಾಜಿಗಳು ಬೇಸರ ಮಾಡಿಕೊಳ್ಳಬೇಕಿಲ್ಲ. ದುಬೈಗೆ ಬಟ್ಟೆ ಕೊಳ್ಳಲು ಹೋಗುವವರದ್ದೂ ಅದೇ ಕಥೆ.

ಇನ್ನು ಡೀಸೆಲ್ಲು. ಬಂಕಿನಲ್ಲಿ ಮಾರಿದ ಡೀಸೆಲ್ ಲಾರಿಗೆ ಹೋಯಿತೋ, ಟ್ರ್ಯಾಕ್ಟರಿಗೋ, ಜನರೇಟರಿಗೋ ಎಂದು ಬಂಕಿನವ ಬರೆದಿಡುವುದಿಲ್ಲ. ಅದಕ್ಕೆಂದೇ ಪೆಟ್ರೋಲಿಯಂ ಇಲಾಖೆ ಮಾಡಿಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಶೇ. 70ರಷ್ಟು ಡೀಸೆಲ್ ಸಾರಿಗೆಗೆ, ಶೇ. 13ರಷ್ಟು ಒಕ್ಕಲುತನಕ್ಕೆ ಎಂದಿತು. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ರಸ್ತೆಯ ತುಂಬ ಕಬ್ಬು ಎಳೆಯುವ ಟ್ರ್ಯಾಕ್ಟರು ಒಕ್ಕಲುತನವೋ ಸಾರಿಗೆಯೋ? ರೈತನ ಕಬ್ಬು, ಕಾರ್ಖಾನೆಯ ಸಕ್ಕರೆ, ಮುಂಬೈಯವನ ಚಹಾ. ಹೊಗೆಗೆ ಒಬ್ಬನೇ ಧಣಿ ಇರುವುದಿಲ್ಲ ಎಂದು ಕಥೆ ಬರೆಯುವ ನಮಗೂ ಗೊತ್ತು. ಹಾಗಿದ್ದರೂ ಪಾಲು ಹಾಕಲೇಬೇಕು, ಇಲ್ಲದಿದ್ದರೆ ಎದುರಿಗೆ ಸಿಕ್ಕವನ ತಲೆಗೆ ಕಟ್ಟುತ್ತಾರೆ.

ಈಗ ಅಸಲು ಮಾತಿಗೆ ಬರೋಣ. 1990ರಲ್ಲಿ ಅಮೆರಿಕದ ಸಂಸ್ಥೆಯೊಂದು ಭಾರತವನ್ನು ಜಗತ್ತಿನ ದೊಡ್ಡ ಮಾಲಿನ್ಯಕಾರರ ಸಾಲಿನಲ್ಲಿ ನಿಲ್ಲಿಸಿತು. ಅದಕ್ಕೆ ಉತ್ತರವಾಗಿ 1991ರಲ್ಲಿ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ದಿಲ್ಲಿಯಿಂದ ಒಂದು ಪುಸ್ತಿಕೆ ತಂದರು. ಬಡವನ ಗದ್ದೆಯ, ದನದ ಮೀಥೇನನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ, ಮೊದಲನೆಯದು ಬದುಕಿನ ಹೊಗೆ, ಎರಡನೆಯದು ಭೋಗದ ಹೊಗೆ ಎಂದು ವಾದಿಸಿದರು. ಅದೇ ದಿನಗಳಲ್ಲಿ ಎ.ಪಿ. ಮಿತ್ರ ಮುಂದಾಳುತನದಲ್ಲಿ ನಮ್ಮ ವಿಜ್ಞಾನಿಗಳು ಭತ್ತದ ಗದ್ದೆಗಳಲ್ಲಿ ನಿಂತು ಅಳೆದರು. ಅಮೆರಿಕನ್ನರು ವರ್ಷಕ್ಕೆ 380 ಲಕ್ಷ ಟನ್ನಿನಷ್ಟು ಎಂದಿದ್ದ ಮೀಥೇನ್ ಅಳತೆಯಲ್ಲಿ ಸಿಕ್ಕದ್ದು 40 ಲಕ್ಷ ಟನ್ನಿನ ಆಸುಪಾಸು. ಲೆಕ್ಕ ಎಂಬುದು ರಾಜಕಾರಣ ಎಂದು ಭಾರತ ಅಂದು ಕಲಿಯಿತು, ಕಲಿತು ಜಗತ್ತಿಗೆ ಹೇಳಿತು. ಇಂದಿಗೂ ಹೇಳುತ್ತದೆ. 295 ಕೋಟಿ ಟನ್ನನ್ನು ಸುಮಾರು 140 ಕೋಟಿ ತಲೆಗಳಿಗೆ ಹಂಚಿ, ಒಬ್ಬನಿಗೆ ಎರಡು ಟನ್ ಚಿಲ್ಲರೆ ಮಾತ್ರ, ನಾವು ಬಡವರು, ನಮಗೆ ಬೆಳೆಯಲು ಬಿಡಿ ಎನ್ನುತ್ತದೆ. ಇದು ನ್ಯಾಯದ ಮಾತು. ಇನ್ನೂರು ವರ್ಷ ಕಲ್ಲಿದ್ದಲು ಉರಿಸಿ ಸಿರಿವಂತರಾದವರಿಗೆ ಇದನ್ನು ಮುಖಕ್ಕೆ ಹೇಳಲೇಬೇಕು.

ಆದರೆ ಆ ಮಾತು ದಿಲ್ಲಿಯ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಮಾಯವಾಗುವುದು ಯಾಕೆ? ಬದುಕಿನ ಹೊಗೆ, ಭೋಗದ ಹೊಗೆ ಎಂಬ ಭೇದ ದೇಶದೊಳಗೆ ಯಾಕೆ ಇಲ್ಲ? ಹೊರಗೆ ಭಾಗಿಸುವಾಗ ತುಕ್ಕಾನಟ್ಟಿಯ ತಲೆಗಳು ಬೇಕು. ಒಲೆ ಊದುವವಳು, ರಾತ್ರಿ ನೀರು ಹಾಯಿಸುವವ, ಕಬ್ಬು ಕಡಿಯಲು ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕಿದವರು ಎಲ್ಲರೂ ಬೇಕು. ಅವರಿಂದಲೇ ಸರಾಸರಿ ಕೆಳಗಿಳಿಯುವುದು. ಉಳಿದ ಜಾಗವನ್ನು ಬಳಸಿಕೊಳ್ಳುವವರು ಬೇರೆ. 2007ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಭಾರತದ ಶ್ರೀಮಂತರು ಬಡವರ ಬೆನ್ನಿಗೆ ಅಡಗಿದ್ದಾರೆಂದು ಒಂದು ವರದಿ ತಂದಾಗ ದೊಡ್ಡವರಿಗೆ ಸಿಟ್ಟು ಬಂದಿತ್ತು. ಸಿಟ್ಟಿಗೆ ಉತ್ತರವಾಗಿ ವರ್ಗವಾರು ಲೆಕ್ಕ ಮಾತ್ರ ಬರಲಿಲ್ಲ. ಆ ತಲೆಗಳನ್ನಾದರೂ ಸರಿಯಾಗಿ ಎಣಿಸಿದ್ದಾರೆಯೇ ಎಂದರೆ, 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ಆಗಲೇ ಇಲ್ಲ.

ಒಪ್ಪಂದ ಕೇಳುವುದು ದೇಶದ ಲೆಕ್ಕ, ಜಿಲ್ಲೆಯದಲ್ಲ, ವರ್ಗದ್ದೂ ಅಲ್ಲ ಎಂದು ಅಧಿಕಾರಿಗಳು ಹೇಳಬಹುದು. ಬೇಡ ಎಂದೂ ಅದು ಹೇಳಿಲ್ಲವಲ್ಲ! ಮಾಡಲಾಗದ ಕೆಲಸವೂ ಅಲ್ಲ. ಬೆಂಗಳೂರಿನ ಸಿ-ಸ್ಟೆಪ್ ಸೇರಿದಂತೆ ಕೆಲವು ಸಂಸ್ಥೆಗಳು ಕೂಡಿ ರಾಜ್ಯವಾರು ಅಂದಾಜುಗಳನ್ನು ಈಗಾಗಲೇ ಪ್ರಕಟಿಸಿವೆ. ಖಾಸಗಿಯವರಿಗೆ ಸಾಧ್ಯವಾದದ್ದು ಸರಕಾರಕ್ಕೆ ಯಾಕೆ ಆಗದು? 2020ರ ಲೆಕ್ಕ 2024ರ ಕೊನೆಗೆ ಇಂಗ್ಲಿಷಿನಲ್ಲಿ ಬಂದರೆ ಮೂಡಲಗಿಯವರಿಗೆ ಅದರಿಂದ ಆಗುವುದೇನು?

ನಮ್ಮವರಲ್ಲೂ ಒಂದು ಸೋಮಾರಿ ವಾದವಿದೆ. ಹವಾಮಾನವೆಲ್ಲ ಓದಿದವರ, ಪರದೇಶದವರ ಚಿಂತೆ, ನಮಗೆ ಹೊಟ್ಟೆಯ ಚಿಂತೆಯೇ ಸಾಕು ಎಂಬುದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಓಣಿಗಳಿಗೆ ನುಗ್ಗಿದಾಗ ಓದಿದವರ ಮನೆ ಯಾವುದು ಎಂದು ವಿಚಾರಿಸಿ ನುಗ್ಗಲಿಲ್ಲ. ನೀರಿಗೆ ಸಿಕ್ಕದ್ದು ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು. ಅವರಲ್ಲಿ ಎಲ್ಲ ಜಾತಿಯ ಬಡವರಿದ್ದರು, ನಮ್ಮವರೂ ಇದ್ದರು.

ದೂರ ಹೋಗಬೇಕಿಲ್ಲ, ನೆರೆಯ ಹುಕ್ಕೇರಿಗೆ ಹೋಗಿ ನೋಡಬಹುದು. ಅಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಕರೆಂಟು ಕೊಂಡು ತಾಲೂಕಿನ ಹಳ್ಳಿಗಳಿಗೆ ಹಂಚುತ್ತದೆ. ಗ್ರಾಹಕರೇ ಅದರ ಸದಸ್ಯರು. ಎಷ್ಟು ಯೂನಿಟ್ ಬಂತು, ಪಂಪಿಗೆಷ್ಟು, ಮನೆಗೆಷ್ಟು, ಕಾರ್ಖಾನೆಗೆಷ್ಟು, ಸೋರಿದ್ದೆಷ್ಟು ಎಂದು ಸಂಘವೊಂದು ಸದಸ್ಯರಿಗೆ ಹೇಳಬಹುದಾದರೆ, ಆ ಯೂನಿಟ್ಟಿನ ಹಿಂದೆ ಉರಿದ ಕಲ್ಲಿದ್ದಲಿನ ಅಂಕಣ ಅದೇ ಹಾಳೆಯಲ್ಲಿ ಸೇರಲು ಎಷ್ಟು ಶಾಯಿ ಬೇಕು? ಉಳಿದ ಕಡೆ ಇದನ್ನು ಹೆಸ್ಕಾಂ ಮಾಡಬೇಕು. ರೈತನ ಪಂಪಿಗೆ ಮೀಟರು ಹಚ್ಚುವ ಜಗಳ ಬದಿಗಿರಲಿ. ಹಳ್ಳಿಯ ಟಿಸಿಗೆ, ಒಕ್ಕಲುತನದ ಫೀಡರಿಗೆ ಮೀಟರು ಹಚ್ಚಿ, ತಿಂಗಳ ಅಂಕಿಯನ್ನು ಪಂಚಾಯತಿಯ ಫಲಕದಲ್ಲಿ ಕನ್ನಡದಲ್ಲಿ ಬರೆಯಲಿ. ಅದರ ಪಕ್ಕದಲ್ಲಿಯೇ ಜಿಲ್ಲೆಯ ಕಾರ್ಖಾನೆಗಳದ್ದು, ಬೆಳಗಾವಿ ನಗರದ್ದು, ಬೆಂಗಳೂರಿನದ್ದು ಬರೆಯಲಿ. ತುಕ್ಕಾನಟ್ಟಿಯ ಗ್ರಾಮಸಭೆಯಲ್ಲಿ ಮುಂದಿನ ಸಲ ಬಿಟ್ಟಿ ಕರೆಂಟಿನ ಮಾತು ಎತ್ತುವ ಅಧಿಕಾರಿ, ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬರಲಿ.